ಕಾಟಿ ಎದುರಾದರೆ 8ಎಕ್ಸ್ ಸ್ಕೋಪ್ ಕೆಲಸಕ್ಕೆ ಬರುತ್ತಾ?

ಬಿಜಿಎಂಐ ಆಡುವವರನ್ನು ಕೇಳಿ ನೋಡಿ. ಕಾರ್-98 ರೈಫಲ್ಲು, ಅದರ ಮೇಲೊಂದು 8ಎಕ್ಸ್ ಸ್ಕೋಪು ಸಿಕ್ಕರೆ ಅರ್ಧ ಆಟ ಗೆದ್ದ ಹಾಗೆ ಅಂತಾರೆ. ನಮ್ಮೂರು ಯಳಂದೂರು ತಾಲ್ಲೂಕಿನ ಮಾಂಬಳ್ಳಿ. ಕಣ್ಣೆತ್ತಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ಹಬ್ಬಕ್ಕೆ ಊರಿಗೆ ಬರುವ ನಮ್ಮ ಮನೆ ಹುಡುಗರು ಆ ಬೆಟ್ಟ ನೋಡಿದಾಗಲೆಲ್ಲ ಕೇಳೋದು ಒಂದೇ: "ಚಿಕ್ಕಪ್ಪ, ಹಿಂದಿನ ಶಿಕಾರಿಯವರು ಆನೆಗೆ, ಕಾಟಿಗೆ ಯಾವ ಗನ್ ಇಟ್ಕೊಂಡಿದ್ರು? ಸ್ಕೋಪ್ ಎಷ್ಟು ಎಕ್ಸು?"

ಹೆಚ್ಚಿನವರ ಕೋವಿಗೆ ಸ್ಕೋಪೇ ಇರಲಿಲ್ಲ ಅಂದರೆ ಹುಡುಗರು ನಂಬಲ್ಲ. ಆದರೆ ಅದಕ್ಕೆ ಕಾರಣ ಇದೆ. ಆ ಕಾರಣ ಗೊತ್ತಾದರೆ, ಇವತ್ತು ನಮ್ಮ ಅರಣ್ಯ ಇಲಾಖೆಯವರು ಹಿಡಿದು ಹೋಗುವ ಇನ್ನೊಂದು ಬಗೆಯ ಕೋವಿ ಎಷ್ಟು ಕಷ್ಟದ್ದು ಅನ್ನೋದೂ ಅರ್ಥವಾಗುತ್ತೆ.

ಕಾಲು ಪೌಂಡಿನ ಗುಂಡು

ಜಿ.ಪಿ. ಸ್ಯಾಂಡರ್ಸನ್ ಹೆಸರು ಕೇಳಿರಬಹುದು. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಇಂಗ್ಲಿಷಿನವ. 1874ರಲ್ಲಿ ಚಾಮರಾಜನಗರದ ಕಡೆ, ಇದೇ ಬೆಟ್ಟದ ತಪ್ಪಲಲ್ಲಿ, ಖೆಡ್ಡಾ ಮಾಡಿ ಆನೆ ಹಿಂಡು ಹಿಡಿದವನು. 1878ರಲ್ಲಿ ತನ್ನ ಕಾಡಿನ ಅನುಭವಗಳನ್ನು ಪುಸ್ತಕ ಮಾಡಿದ. ಆನೆಗೆ ಅವನು ನೆಚ್ಚಿಕೊಂಡಿದ್ದು 'ಫೋರ್ ಬೋರ್' ಕೋವಿಯನ್ನು. ಒಂದು ಪೌಂಡ್ ಸೀಸದಲ್ಲಿ ಬರೀ ನಾಲ್ಕು ಗುಂಡು ಆಗುವಷ್ಟು ಅಗಲದ ನಳಿಗೆ ಅಂತ ಅದರರ್ಥ. ಅಂದರೆ ಒಂದೊಂದು ಗುಂಡೂ ಸುಮಾರು 113 ಗ್ರಾಂ! ಕೋವಿಯ ತೂಕ ಒಂಬತ್ತು ಕೆಜಿ ಆಸುಪಾಸು.

ಯಾಕಿಷ್ಟು ಭಾರ? ಆಗಿನ್ನೂ ಕರಿಮದ್ದಿನ ಕಾಲ. ಗುಂಡಿಗೆ ವೇಗ ಕೊಡುವ ಶಕ್ತಿ ಆ ಮದ್ದಿಗೆ ಕಮ್ಮಿ. ವೇಗ ಇಲ್ಲದಿದ್ದರೆ ತೂಕ ಬೇಕು, ಇಲ್ಲದೇ ಹೋದರೆ ಆನೆಯ ತಲೆಬುರುಡೆ ದಾಟಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೊಗೆರಹಿತ ಮದ್ದು ಬಂತು, ಲೆಕ್ಕವೇ ಬದಲಾಯಿತು. ಜಿಮ್ ಕಾರ್ಬೆಟ್ ಕೈಯಲ್ಲಿದ್ದ .275 ರಿಗ್ಬಿಯ ಗುಂಡು ಸುಮಾರು ಒಂಬತ್ತು ಗ್ರಾಂ ಅಷ್ಟೇ. ಅಂದಹಾಗೆ ಆ ರಿಗ್ಬಿಯೂ ಹುಡುಗರ ಕಾರ್-98 ಕೂಡ ಒಂದೇ ವಂಶದವು, ಎರಡರ ಒಳಗಿರೋದೂ ಜರ್ಮನಿಯ ಮೌಸರ್ ಯಂತ್ರ. ಹಾಗಂತ ಕಾರ್ಬೆಟ್ ಅದೊಂದನ್ನೇ ನಂಬಿ ಕೂರಲಿಲ್ಲ. ಭಾರಿ ಗುಂಡು ಹಾರಿಸುವ ಜೋಡುನಳಿಗೆ ರೈಫಲ್ಲೂ ಅವರ ಹತ್ತಿರ ಇತ್ತು. ತೇಜಸ್ವಿಯವರ 'ಕಾಡಿನ ಕತೆಗಳು' ಓದಿದವರಿಗೆ ಗೊತ್ತಿರುವ ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರದ್ದು .405 ವಿಂಚೆಸ್ಟರ್.

ಇವರೆಲ್ಲ ಕೋವಿ ಆರಿಸುವಾಗ ಹಾಕಿಕೊಂಡ ಪ್ರಶ್ನೆ ಮೂರೇ. ಪ್ರಾಣಿ ಎಷ್ಟು ದೊಡ್ಡದು? ಎಷ್ಟು ದೂರದಲ್ಲಿ ಸಿಗುತ್ತೆ? ಮೊದಲ ಈಡು ತಪ್ಪಿದರೆ ಎರಡನೆಯದು ಎಷ್ಟು ಬೇಗ? ಜೋಡುನಳಿಗೆಗೆ ಬೆಲೆ ಬಂದದ್ದು ಮೂರನೇ ಪ್ರಶ್ನೆಯಿಂದ. ನುಗ್ಗಿ ಬರುವ ಕಾಟಿ ಮುಂದೆ ಬೋಲ್ಟ್ ಎಳೆದು ತಳ್ಳುತ್ತಾ ನಿಲ್ಲೋಕೆ ಆಗಲ್ಲ. ಎರಡನೇ ಕುದುರೆಗೆ ಬೆರಳು ಹೋದರೆ ಆಯ್ತು.

ಸ್ಕೋಪಿನ ಲೆಕ್ಕ

ನಮ್ಮ ಬೆಟ್ಟದ ಕಾಡಲ್ಲಿ ನಡೆದವರಿಗೆ ಲಂಟಾನ ಪೊದೆ ಗೊತ್ತು. ಹತ್ತು ಮಾರು ಆಚೆಗೆ ಏನಿದೆ ಅಂತ ಕಾಣಲ್ಲ. ಅಲ್ಲಿ 8ಎಕ್ಸ್ ಸ್ಕೋಪ್ ಏನು ಮಾಡುತ್ತೆ ನೋಡಿ. ಸಾಮಾನ್ಯ 8ಎಕ್ಸ್ ಸ್ಕೋಪಿನಲ್ಲಿ 100 ಮೀಟರ್ ದೂರಕ್ಕೆ ನಾಲ್ಕು ಮೀಟರ್ ಅಗಲದಷ್ಟು ಜಾಗ ಕಾಣುತ್ತೆ. 30 ಮೀಟರಿಗೆ ಇಳಿದರೆ ಒಂದೂಕಾಲು ಮೀಟರಿಗಿಂತ ಕಮ್ಮಿ. ಎರಡೂವರೆ ಮೀಟರ್ ಉದ್ದದ ಕಾಟಿ ನಿಂತಿದ್ದರೆ ಸ್ಕೋಪ್ ತುಂಬಾ ಬರೀ ಕಪ್ಪು ಚರ್ಮ. ಅದು ಭುಜವೋ ಹೊಟ್ಟೆಯೋ ತಿಳಿಯೋಕೇ ಎರಡು ಸೆಕೆಂಡ್ ಬೇಕು.

ಬೆಳಕಿನ ಲೆಕ್ಕ ಬೇರೆ. ಮುಂದಿನ ಲೆನ್ಸಿನ ಅಗಲವನ್ನು ಎಕ್ಸ್‌ನಿಂದ ಭಾಗಿಸಿ. 40 ಮಿ.ಮೀ. ಲೆನ್ಸಿಗೆ 8ಎಕ್ಸ್ ಆದರೆ ಕಣ್ಣಿಗೆ ಬರುವ ಬೆಳಕಿನ ಕಂಬ 5 ಮಿ.ಮೀ. ಅದೇ 4ಎಕ್ಸ್ ಆದರೆ 10. ಮುಸ್ಸಂಜೆಯಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿ.ಮೀ.ವರೆಗೂ ಅರಳುತ್ತೆ. ಪ್ರಾಣಿಗಳು ಓಡಾಡುವ ಹೊತ್ತಲ್ಲೇ 8ಎಕ್ಸ್ ಮಬ್ಬಾಗೋದು ಇದಕ್ಕೇ. ಈಗಲೂ ಬೇಟೆ ಕಾನೂನುಬದ್ಧವಾಗಿರುವ ಆಫ್ರಿಕಾದ ದೇಶಗಳಲ್ಲಿ ಪೊದೆಗಾಡಿನ ಕಾಡೆಮ್ಮೆಗೆ ಹೋಗುವವರು ಒಂದು, ಒಂದೂವರೆ ಎಕ್ಸ್‌ಗೆ ಇಳಿಸಬಹುದಾದ ಸ್ಕೋಪನ್ನೇ ಆರಿಸುತ್ತಾರೆ.

ಈಗಿನ ಕೋವಿ

ನಮ್ಮಲ್ಲಿ ಆ ಶಿಕಾರಿ ಕತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮುಗಿಯಿತು. ಆನೆ, ಹುಲಿ, ಕಾಟಿ ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯ್ತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಆದರೂ ಆಯುಧ ಆರಿಸುವ ತಲೆನೋವು ಹೋಗಲಿಲ್ಲ. ಊರಿಗೆ ನುಗ್ಗಿದ ಆನೆಯನ್ನೋ ಹುಲಿಯನ್ನೋ ಜೀವಂತ ಹಿಡಿಯಬೇಕಲ್ಲ? ಅದಕ್ಕೆ ಬಂದದ್ದು ಅರಿವಳಿಕೆ ಚುಚ್ಚುಮದ್ದಿನ ಡಾರ್ಟ್ ಗನ್.

ಇದಕ್ಕೂ ಹಳೇ ಮೂರು ಪ್ರಶ್ನೆಗಳೇ, ಜೊತೆಗೆ ನಾಲ್ಕನೆಯದೊಂದು: ಪ್ರಾಣಿ ಮತ್ತೆ ಎದ್ದು ನಿಲ್ಲಬೇಕು. ಇಲ್ಲಿ ಶಕ್ತಿ ಜಾಸ್ತಿ ಆದಷ್ಟೂ ಒಳ್ಳೇದಲ್ಲ. ಗ್ಯಾಸಿನ ಒತ್ತಡ ಜಾಸ್ತಿಯಾದರೆ ಡಾರ್ಟ್ ಮಾಂಸಖಂಡ ದಾಟಿ ಮೂಳೆಗೆ ಪೆಟ್ಟು ಕೊಡುತ್ತೆ, ಕಮ್ಮಿಯಾದರೆ ಚರ್ಮಕ್ಕೆ ತಾಗಿ ಬಿದ್ದುಹೋಗುತ್ತೆ. ಡಾರ್ಟಿನ ವೇಗ ರೈಫಲ್ ಗುಂಡಿನ ಮುಂದೆ ಏನೇನೂ ಅಲ್ಲ. ಹೋಗ್ತಾ ಹೋಗ್ತಾ ಕೆಳಕ್ಕೆ ಬಾಗುತ್ತೆ, ಗಾಳಿಗೆ ಪಕ್ಕಕ್ಕೆ ಸರಿಯುತ್ತೆ. ಹಾಗಾಗಿ ಸ್ಕೋಪಿಗಿಂತ ದೂರ ಅಳೆಯುವ ಸಾಧನವೇ ಮುಖ್ಯ. ಪ್ರಾಣಿಯ ತೂಕವನ್ನು ಕಣ್ಣಲ್ಲೇ ಅಂದಾಜು ಮಾಡಿ ಮದ್ದು ತುಂಬಬೇಕು. ತೊಡೆಗೋ ಭುಜಕ್ಕೋ ಸರಿಯಾಗಿ ಬಿದ್ದರೂ ಪ್ರಾಣಿ ತಕ್ಷಣ ಮಲಗಲ್ಲ. ಮದ್ದು ಏರೋಕೆ ಹಲವು ನಿಮಿಷ ಬೇಕು, ಆ ನಿಮಿಷಗಳಲ್ಲಿ ಅದು ಓಡುತ್ತೆ, ಇಲ್ಲವೇ ತಿರುಗಿ ಬರುತ್ತೆ.

2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರಿನ ಕಡೆ ಆಗಿದ್ದು ಅದೇ. ಗಾಯಗೊಂಡಿದ್ದ ಭೀಮ ಅನ್ನೋ ಕಾಡಾನೆಗೆ ಚಿಕಿತ್ಸೆ ಕೊಡಲು ಡಾರ್ಟ್ ಹೊಡೆದವರು 'ಆನೆ ವೆಂಕಟೇಶ್' ಅಂತಲೇ ಹೆಸರಾದವರು. ಡಾರ್ಟ್ ತಾಗಿದ ಆನೆ ಅವರ ಮೇಲೇ ತಿರುಗಿಬಿತ್ತು. ಅವರು ಉಳಿಯಲಿಲ್ಲ. ಎಷ್ಟೋ ಆನೆ ಕಾರ್ಯಾಚರಣೆಗಳ ಅನುಭವ ಇದ್ದವರ ಗತಿಯೇ ಹೀಗಾದರೆ ಆ ಕೆಲಸದ ಅಪಾಯ ಎಂಥದ್ದು ಯೋಚಿಸಿ.

ಕೆಲಸ ಕೈಗೂಡಿದ್ದೂ ಉಂಟು. 2019ರ ಅಕ್ಟೋಬರಿನಲ್ಲಿ ಬಂಡೀಪುರದ ಅಂಚಲ್ಲಿ ಇಬ್ಬರನ್ನು ಕೊಂದಿದ್ದ ಹುಲಿಯನ್ನು ಜೀವಂತ ಹಿಡಿದರು. ಸಾಕಾನೆಗಳು ಬಂದವು, ಹೆಜ್ಜೆ ಓದೋಕೆ ಸೋಲಿಗರು ಬಂದರು. ಡಾರ್ಟ್ ಗನ್ನಿಗೆ ಹುಲಿ ಕಾಣಿಸಬೇಕಾದರೆ ಮೊದಲು ಇಷ್ಟೆಲ್ಲ ಕೂಡಿಬರಬೇಕು.

ಗುಂಪೇ ದೊಡ್ಡ ಅಡ್ಡಿ

ಇಂಥ ಕಾರ್ಯಾಚರಣೆಗೆ ಬಹಳ ತೊಂದರೆ ಕೊಡೋದು ನಾವೇ, ಫೋನ್ ಎತ್ತಿ ವಿಡಿಯೊ ಮಾಡೋಕೆ ನಿಲ್ಲುವ ಜನ. ಗಲಾಟೆಗೆ ಪ್ರಾಣಿ ಜಾಗ ಬಿಡುತ್ತೆ. 30 ಮೀಟರಿಗೆ ಅಂತ ಹೊಂದಿಸಿದ ಒತ್ತಡ 50 ಮೀಟರಿಗೆ ಸಾಲಲ್ಲ. ಹೊಡೆಯುವವನು ಇನ್ನೂ ಹತ್ತಿರ ಹೋಗಬೇಕಾಗುತ್ತೆ. ಅಪಾಯ ಅವನ ತಲೆ ಮೇಲೆ.

ಇನ್ನೊಂದು ಮಾತು. 2025ರ ಜೂನಿನಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ಕಡೆ ತಾಯಿ ಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತು ಬಿದ್ದವು. ಹಸುವಿನ ಕಳೇಬರಕ್ಕೆ ಹಾಕಿದ ವಿಷ ಕಾರಣ ಅಂತ ತನಿಖೆಯಲ್ಲಿ ಹೊರಬಂತು. ಹಸು ಕಳಕೊಂಡವರ ಹೊಟ್ಟೆಯುರಿ ಸುಳ್ಳಲ್ಲ, ನಮ್ಮ ಕಡೆ ಮನೆಗೊಂದು ಹಸು ಅಂದರೆ ತಿಂಗಳ ಸಂಬಳ ಇದ್ದಂತೆ. ಆದರೆ ವಿಷಕ್ಕೆ ಗುರಿಯೇ ಇಲ್ಲ. ಯಾರು ತಿಂದರೂ ಸಾಯ್ತಾರೆ.

ಊರಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲಿ ಅರಣ್ಯ ಸಹಾಯವಾಣಿ 1926 ಸೇವ್ ಮಾಡಿಕೊಡಿ. ಹಸು ಸತ್ತರೆ ಕಳೇಬರ ಅಲ್ಲಾಡಿಸದೆ ಫೋಟೊ ತೆಗೆದು ಇಲಾಖೆಗೆ ತಿಳಿಸಿ ಪರಿಹಾರ ಕೇಳೋದು ಹೇಗೆ ಅಂತ ಹೇಳಿಕೊಡಿ. ಡಾರ್ಟ್ ತಂಡದ ಜೀಪು ಊರಿಗೆ ಬಂದ ದಿನ ಮನೆಯವರನ್ನೆಲ್ಲ ಒಳಗೇ ಕೂರಿಸಿ. ಆಟ ಆಡೋ ಹುಡುಗರನ್ನು ಮೊದಲು.