ಮನೆಬಳಕೆಯ ವೆಲ್ಡಿಂಗ್ ಯಂತ್ರ: ಆಯ್ಕೆ, ಅಭ್ಯಾಸ, ಎಚ್ಚರಿಕೆ

ಗೇಟಿನ ಕೀಲು ಮುರಿಯುತ್ತದೆ. ಬಟ್ಟೆ ಒಣಹಾಕುವ ಕಬ್ಬಿಣದ ಚೌಕಟ್ಟಿನ ಬೆಸುಗೆ ಬಿಡುತ್ತದೆ. ಹೂಕುಂಡಗಳನ್ನಿಡುವ ಸ್ಟ್ಯಾಂಡಿನ ಕಾಲು ಅಲುಗಾಡತೊಡಗುತ್ತದೆ. ಇಂತಹ ಸಣ್ಣ ಕೆಲಸಗಳಿಗಾಗಿ ವೆಲ್ಡಿಂಗ್ ಅಂಗಡಿಯವರು ಮನೆಗೆ ಬರುವುದು ಅಪರೂಪ. ಹೆಗಲಿಗೆ ತೂಗುಹಾಕಿಕೊಂಡು ಒಯ್ಯಬಹುದಾದ ಹಗುರ ಇನ್ವರ್ಟರ್ ವೆಲ್ಡಿಂಗ್ ಯಂತ್ರಗಳು ಈಗ ಕಡಿಮೆ ಬೆಲೆಗೆ ದೊರೆಯುತ್ತಿರುವುದರಿಂದ, ಈ ಕೆಲಸವನ್ನು ತಾವೇ ಮಾಡಿಕೊಳ್ಳಬೇಕೆಂದು ಬಯಸುವವರ ಸಂಖ್ಯೆ ಹೆಚ್ಚಿದೆ. ಆದರೆ ಯಂತ್ರ ಅಗ್ಗವಾದ ಮಾತ್ರಕ್ಕೆ ಕೆಲಸ ಸುಲಭವಾಗುವುದಿಲ್ಲ. ಯಂತ್ರದ ಮೇಲೆ ಬರೆದಿರುವ ದೊಡ್ಡ ಅಂಕಿಗಿಂತ ಮನೆಯ ವಿದ್ಯುತ್ ಸಂಪರ್ಕದ ಸಾಮರ್ಥ್ಯ, ಕಣ್ಣಿನ ರಕ್ಷಣೆ ಮತ್ತು ಕೈಯ ಅಭ್ಯಾಸ, ಈ ಮೂರೇ ಹೆಚ್ಚು ಮುಖ್ಯವಾದವು.

ಬೆಸುಗೆ ನಡೆಯುವ ಬಗೆ

ಮನೆಬಳಕೆಗೆ ಹೆಚ್ಚಾಗಿ ಕೊಳ್ಳುವುದು ರಾಡು ಬಳಸುವ ಆರ್ಕ್ ವೆಲ್ಡಿಂಗ್ ಯಂತ್ರವನ್ನು. ಯಂತ್ರದಿಂದ ಹೊರಡುವ ಎರಡು ಕೇಬಲ್‌ಗಳಲ್ಲಿ ಒಂದು ರಾಡು ಹಿಡಿಯುವ ಹೋಲ್ಡರಿಗೂ ಇನ್ನೊಂದು ಕೆಲಸದ ಲೋಹಕ್ಕೆ ಕಚ್ಚಿಸುವ ಕ್ಲ್ಯಾಂಪಿಗೂ ಸೇರುತ್ತದೆ. ರಾಡಿನ ತುದಿಯನ್ನು ಲೋಹಕ್ಕೆ ತಾಗಿಸಿ ಸ್ವಲ್ಪ ಎತ್ತಿದಾಗ ನಡುವಿನ ಅಂತರದಲ್ಲಿ ವಿದ್ಯುತ್ ಹರಿದು ಪ್ರಖರವಾದ ಆರ್ಕ್ ಉಂಟಾಗುತ್ತದೆ. ಉಕ್ಕು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆರ್ಕ್‌ನ ಉಷ್ಣತೆ ಇದರ ಹಲವು ಪಟ್ಟು. ರಾಡೂ ಲೋಹದ ಅಂಚುಗಳೂ ಕರಗಿ ಒಂದಾಗುತ್ತವೆ. ರಾಡಿನ ಮೇಲಿನ ಲೇಪ ಉರಿದು ಅನಿಲವಾಗಿ, ಕರಗಿದ ಲೋಹಕ್ಕೆ ಗಾಳಿ ತಗಲದಂತೆ ಕಾಯುತ್ತದೆ. ಉಳಿದ ಭಾಗ ಕಿಟ್ಟವಾಗಿ ಮೇಲೆ ಕೂರುತ್ತದೆ. ಲೇಪಕ್ಕೆ ತೇವ ತಗುಲಿದರೆ ಬೆಸುಗೆ ಕೆಡುವುದರಿಂದ, ವಿಶೇಷವಾಗಿ ಮುಂಬಯಿಯಂತಹ ಕಡೆ ಮಳೆಗಾಲದಲ್ಲಿ, ರಾಡುಗಳನ್ನು ಭದ್ರವಾದ ಮುಚ್ಚಳವಿರುವ ಡಬ್ಬದಲ್ಲಿಡಬೇಕು.

ತಂತಿ ಸುರುಳಿಯಿಂದ ಕೆಲಸ ಮಾಡುವ ಮಿಗ್ ಯಂತ್ರಗಳು ತೆಳು ತಗಡಿಗೆ ಅನುಕೂಲಕರವಾದರೂ, ತಂತಿ ಮತ್ತು ಹಲವು ಬಾರಿ ಅನಿಲ ಸಿಲಿಂಡರಿನ ವೆಚ್ಚವೂ ಅದಕ್ಕೆ ಸೇರುತ್ತದೆ. ಅಪರೂಪದ ದುರಸ್ತಿಗೆ ರಾಡಿನ ಯಂತ್ರವೇ ಸಾಕು.

ಯಂತ್ರದ ಆಯ್ಕೆ

200 ಆಂಪಿಯರ್ ಎಂದು ಬರೆದ ಯಂತ್ರ ಹೆಚ್ಚು ಶಕ್ತಿಶಾಲಿ ಎಂದು ಕೊಳ್ಳುವವರು ಒಂದು ಲೆಕ್ಕವನ್ನು ಗಮನಿಸಬೇಕು. 200 ಆಂಪಿಯರ್‌ನಲ್ಲಿ ಆರ್ಕ್‌ನ ಒತ್ತಡ ಸುಮಾರು 28 ವೋಲ್ಟ್. ಅಂದರೆ ಆರ್ಕ್‌ಗೇ 5,600 ವ್ಯಾಟ್ ಬೇಕು. ಯಂತ್ರದೊಳಗಿನ ನಷ್ಟವೂ ಸೇರಿದರೆ 230 ವೋಲ್ಟಿನ ಮನೆಯ ಸಂಪರ್ಕದಿಂದ ಸುಮಾರು 30 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚು ಎಳೆಯಬೇಕಾಗುತ್ತದೆ. ಗೀಸರಿಗಾಗಿ ಇರುವ 16 ಆಂಪಿಯರ್ ಸಾಕೆಟ್ಟು ಇದನ್ನು ತಾಳಲಾರದು. ಆದರೆ 2.5 ಮಿ.ಮೀ. ರಾಡಿಗೆ 60ರಿಂದ 90 ಆಂಪಿಯರ್ ಸಾಕು. 80 ಆಂಪಿಯರ್ ಆಸುಪಾಸಿನ ಕೆಲಸವನ್ನು ಒಳ್ಳೆಯ ವೈರಿಂಗ್ ಇರುವ 16 ಆಂಪಿಯರ್ ಸಾಕೆಟ್ಟಿನಿಂದ ನಡೆಸಬಹುದು. ಮನೆಯ ದುರಸ್ತಿಯ ಬಹುಪಾಲು ಈ ಮಿತಿಯೊಳಗೇ ಮುಗಿಯುತ್ತದೆ.

ಕೊಳ್ಳುವ ಮುನ್ನ ಕೆಳಗಿನ ಅಂಶಗಳನ್ನು ವಿಚಾರಿಸುವುದು ಲೇಸು:

1. ಡ್ಯೂಟಿ ಸೈಕಲ್: 10 ನಿಮಿಷಗಳಲ್ಲಿ ಯಂತ್ರ ಎಷ್ಟು ನಿಮಿಷ ಬೆಸೆಯಬಲ್ಲದು ಎಂಬುದೇ ಇದರ ಅರ್ಥ. ಶೇಕಡಾ 30 ಎಂದಿದ್ದರೆ 3 ನಿಮಿಷ ಕೆಲಸ, 7 ನಿಮಿಷ ವಿಶ್ರಾಂತಿ. ಈ ಅಂಕಿ ಎಷ್ಟು ಆಂಪಿಯರಿಗೆ ಅನ್ವಯಿಸುತ್ತದೆ ಎಂಬುದನ್ನೂ ಕೇಳಬೇಕು.

2. ಮನೆಗೆ ಮಂಜೂರಾದ ವಿದ್ಯುತ್ ಹೊರೆ ಎಷ್ಟು, ಅರ್ಥಿಂಗ್ ಸರಿಯಾಗಿದೆಯೇ ಎಂಬುದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಸಬೇಕು. ಬಾಡಿಗೆ ಮನೆಯಲ್ಲಿ ಅಥವಾ ವಸತಿ ಸಂಕೀರ್ಣದಲ್ಲಿ ವಾಸಿಸುವವರು ಮಾಲೀಕರ ಇಲ್ಲವೇ ಸೊಸೈಟಿಯ ಒಪ್ಪಿಗೆ ಪಡೆಯಬೇಕು.

3. ಎಕ್ಸ್‌ಟೆನ್ಷನ್ ವೈರು ತೆಳುವಾಗಿರಬಾರದು. ಅದನ್ನು ಸುರುಳಿಯಾಗಿ ಬಿಡದೆ ಪೂರ್ತಿ ಬಿಚ್ಚಿ ಬಳಸಬೇಕು. ಸುರುಳಿಯಲ್ಲಿ ಶಾಖ ಕೂಡಿಕೊಂಡು ಹೊದಿಕೆ ಕರಗುವ ಸಂಭವವಿದೆ.

4. ದುರಸ್ತಿಯ ಸೌಲಭ್ಯ ಅದೇ ಊರಿನಲ್ಲಿ ಉಂಟೇ ಎಂಬುದನ್ನು ತಿಳಿಯಬೇಕು.

ಯಂತ್ರದ ಬೆಲೆಯೊಂದನ್ನೇ ನೋಡದೆ ಮುಖಕವಚ, ಚರ್ಮದ ಕೈಗವಸು, ಗ್ರೈಂಡರ್, ಕಿಟ್ಟ ಕೆತ್ತುವ ಸುತ್ತಿಗೆ ಮತ್ತು ಅಭ್ಯಾಸಕ್ಕೆ ಬೇಕಾಗುವ ರಾಡುಗಳ ಬೆಲೆಯನ್ನೂ ಆರಂಭದಲ್ಲೇ ಲೆಕ್ಕಕ್ಕೆ ಹಿಡಿಯಬೇಕು. ಹಣ ಸಾಲದಿದ್ದರೆ ಯಂತ್ರದಲ್ಲಿ ಉಳಿಸಬಹುದು, ಮುಖಕವಚದಲ್ಲಿ ಉಳಿಸಬಾರದು.

ಕೈಯ ಅಭ್ಯಾಸ

ಹೊಸಬರು ಗೇಟಿನಿಂದ ಆರಂಭಿಸದೆ, 4ರಿಂದ 6 ಮಿ.ಮೀ. ದಪ್ಪದ ಗುಜರಿ ಉಕ್ಕಿನ ತುಂಡುಗಳಿಂದ ಆರಂಭಿಸಬೇಕು. ತುಕ್ಕು ಮತ್ತು ಬಣ್ಣವನ್ನು ಹೊಳೆಯುವವರೆಗೆ ಉಜ್ಜಿ ತೆಗೆಯಬೇಕು. ಕಲಿಯುವವರಿಗೆ ಇ 6013 ವರ್ಗದ ರಾಡು ಸೂಕ್ತ. ಅದರ ಆರ್ಕ್ ಸುಲಭವಾಗಿ ಹತ್ತುತ್ತದೆ.

ಬೆಂಕಿಕಡ್ಡಿ ಗೀರಿದಂತೆ ರಾಡನ್ನು ಲೋಹದ ಮೇಲೆ ಗೀರಿ, ರಾಡಿನ ದಪ್ಪದಷ್ಟೇ ಅಂತರಕ್ಕೆ ಎತ್ತಿ ಹಿಡಿಯಬೇಕು. ಮೊದಮೊದಲು ರಾಡು ಅಂಟಿಕೊಳ್ಳುವುದು ಸಹಜ. ಹೋಲ್ಡರನ್ನು ಥಟ್ಟನೆ ತಿರುಚಿದರೆ ಬಿಡುತ್ತದೆ. ರಾಡನ್ನು ಸಾಗುವ ದಿಕ್ಕಿಗೆ ತುಸು ವಾಲಿಸಿ, ಒಂದೇ ವೇಗದಲ್ಲಿ ಎಳೆಯಬೇಕು. ರಾಡು ಕರಗಿ ಗಿಡ್ಡವಾಗುತ್ತಿದ್ದಂತೆ ಕೈಯೂ ಕೆಳಗಿಳಿಯಬೇಕು. ದೃಷ್ಟಿ ಇರಬೇಕಾದುದು ಆರ್ಕ್‌ನ ಬೆಳಕಿನ ಮೇಲಲ್ಲ, ಅದರ ಹಿಂದೆ ಕರಗಿ ನಿಂತ ಲೋಹದ ಮಡುವಿನ ಮೇಲೆ. ಬಾಣಲೆಯಲ್ಲಿ ಕರಿಯುವಾಗ ಕೇಳುವಂತಹ ಎಡೆಬಿಡದ ಸದ್ದು ಸರಿಯಾದ ಆರ್ಕ್‌ನ ಗುರುತು.

ಬೆಸುಗೆಯ ಗೆರೆ ಹಗ್ಗ ಇಟ್ಟಂತೆ ಉಬ್ಬಿ ಮೇಲೆಯೇ ಕುಳಿತಿದ್ದರೆ ಆಂಪಿಯರ್ ಸಾಲದು ಎಂದೂ, ಅಂಚಿನಲ್ಲಿ ಕುಳಿ ಬಿದ್ದಿದ್ದರೆ ಅಥವಾ ಲೋಹ ತೂತಾಗಿದ್ದರೆ ಆಂಪಿಯರ್ ಹೆಚ್ಚಾಯಿತು ಎಂದೂ ಸಾಮಾನ್ಯವಾಗಿ ತಿಳಿಯಬಹುದು. ನೋಟಕ್ಕೆ ಚೆನ್ನಾಗಿರುವ ಬೆಸುಗೆ ಗಟ್ಟಿಯಾಗಿಯೇ ಇರುತ್ತದೆಂಬ ಭರವಸೆ ಇಲ್ಲ. ಒಂದು ತುಂಡಿನ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದೇ ಬದಿಯಲ್ಲಿ ಬೆಸೆದು, ತಣಿದ ಮೇಲೆ ಬೆಸುಗೆಯಿರುವ ಬದಿಗೆ ಮಡಚುವಂತೆ ಸುತ್ತಿಗೆಯಿಂದ ಬಡಿದು ನೋಡಬೇಕು. ಬೆಸುಗೆ ಸಿಪ್ಪೆಯಂತೆ ಕಿತ್ತು ಬಂದರೆ ಲೋಹಗಳು ಒಂದಾಗಿಲ್ಲವೆಂದೇ ಅರ್ಥ. ಈ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಗೆದ್ದ ಮೇಲೆಯೇ ಮನೆಯ ವಸ್ತುಗಳಿಗೆ ಕೈ ಹಚ್ಚುವುದು ಉಚಿತ.

ಕಣ್ಣು, ಉಸಿರು, ಬೆಂಕಿ

ಆರ್ಕ್‌ನಿಂದ ಹೊಮ್ಮುವ ನೇರಳಾತೀತ ಕಿರಣಗಳು ಕಣ್ಣಿನ ಹೊರಪದರವನ್ನು ಸುಡುತ್ತವೆ. ನೋವು ಆ ಕ್ಷಣ ತಿಳಿಯದೆ, ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿಯ ವೇಳೆ, ಕಣ್ಣಿಗೆ ಮರಳು ಸುರಿದಂತೆ ಕಾಣಿಸಿಕೊಳ್ಳುತ್ತದೆ. ಹಾಗಾದಾಗ ಮನೆಮದ್ದು ಮಾಡದೆ ನೇತ್ರವೈದ್ಯರನ್ನು ಕಾಣಬೇಕು. ತಂಪು ಕನ್ನಡಕ ಇದಕ್ಕೆ ರಕ್ಷಣೆಯಲ್ಲ. ಸಣ್ಣ ಕೆಲಸಕ್ಕೂ 10ನೇ ಶೇಡಿನ ಗಾಜಿರುವ ಮುಖಕವಚ ಅಗತ್ಯ. ಕುತೂಹಲದಿಂದ ನೋಡುವ ಮಕ್ಕಳಿಗೂ ನೆರೆಹೊರೆಯವರಿಗೂ ಅಷ್ಟೇ ಅಪಾಯವಿರುವುದರಿಂದ ಅವರನ್ನು ದೂರವಿರಿಸಿ, ಉರಿಯದ ವಸ್ತುವಿನ ಮರೆ ಕಟ್ಟಬೇಕು.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಬೆಸೆಯಬಾರದು. ಸತುವಿನ ಲೇಪವಿರುವ ಜಿ.ಐ. ಪೈಪಿನ ಹೊಗೆ ಚಳಿಜ್ವರವನ್ನು ತರುತ್ತದೆ; ಹೊಸಬರು ಅದನ್ನು ಮುಟ್ಟದಿರುವುದೇ ಒಳಿತು.

ಮೈಮೇಲೆ ದಪ್ಪ ಹತ್ತಿ ಬಟ್ಟೆಯಿರಬೇಕು. ನೈಲಾನ್, ಪಾಲಿಯೆಸ್ಟರ್ ಕೂಡದು. ಒದ್ದೆ ನೆಲದ ಮೇಲೆ ನಿಂತು ಅಥವಾ ಬೆವೆತ ಕೈಗವಸಿನಿಂದ ಕೆಲಸ ಮಾಡಬಾರದು. ಕಿಡಿಗಳು 10 ಮೀಟರ್‌ವರೆಗೂ ಸಿಡಿಯಬಲ್ಲವು. ಕಾಗದ, ಪರದೆ, ಅಡುಗೆ ಅನಿಲದ ಸಿಲಿಂಡರ್ ಹತ್ತಿರವಿರಬಾರದು. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಜಾಗದ ಮೇಲೆ ನಿಗಾ ಇಡಬೇಕು. ಎಣ್ಣೆ, ಪೆಟ್ರೋಲು ತುಂಬಿದ್ದ ಡ್ರಮ್ಮು ಬರಿದಾಗಿದ್ದರೂ ಅದನ್ನು ಬೆಸೆಯಬಾರದು. ಒಳಗುಳಿದ ಆವಿ ಸ್ಫೋಟಗೊಳ್ಳುತ್ತದೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರ ಸಲಹೆ ಇಲ್ಲದೆ ಈ ಯಂತ್ರದ ಬಳಿ ಹೋಗಬಾರದು.

ಮಿತಿಯ ಅರಿವು

ಹೂಕುಂಡದ ಸ್ಟ್ಯಾಂಡಿನ ಬೆಸುಗೆ ಬಿಟ್ಟರೆ ಒಂದು ಕುಂಡ ಒಡೆಯಬಹುದು. ಬಾಲ್ಕನಿಯ ಕಟಾಂಜನ, ಏಣಿ, ಮಕ್ಕಳ ಉಯ್ಯಾಲೆ, ವಾಹನದ ಚಾಸಿಯ ಬೆಸುಗೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಮನುಷ್ಯರ ಭಾರ ಹೊರುವ ಇಂತಹ ಕೆಲಸಗಳನ್ನು ತರಬೇತಾದ ವೆಲ್ಡರಿಗೇ ಒಪ್ಪಿಸಬೇಕು. ಈ ವೃತ್ತಿಯನ್ನೇ ಕ್ರಮಬದ್ಧವಾಗಿ ಕಲಿಯಬಯಸುವವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷದ ವೆಲ್ಡರ್ ಶಿಕ್ಷಣವಿದೆ. ಕನ್ನಡಿಗರು ನೆಲೆಸಿರುವ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲೆಲ್ಲ ಇಂತಹ ಸಂಸ್ಥೆಗಳಿವೆ. ಮನೆಯ ಮಟ್ಟಿಗೆ ಕಲಿಯುವವರೂ ಅನುಭವಿ ವೆಲ್ಡರೊಬ್ಬರ ಪಕ್ಕದಲ್ಲಿ ಕೆಲವು ದಿನ ನಿಂತು ಕಲಿತರೆ, ಹಲವು ತಪ್ಪುಗಳೂ ಕೆಲವು ಗಾಯಗಳೂ ತಪ್ಪುತ್ತವೆ.