ಹಾಕಿ ಗೋಲ್‌ಕೀಪರ್‌ಗೆ ಕೈಗೊಪ್ಪುವ ಗ್ಲೌಸ್ ಯಾವುದು?

ಬ್ಯಾಂಕಾಕ್‌ನಲ್ಲಿ ನಡೆದ 1998ರ ಏಷ್ಯನ್ ಗೇಮ್ಸ್ ಹಾಕಿ ಫೈನಲ್ ಟೈಬ್ರೇಕರ್‌ಗೆ ಹೋದಾಗ, ದಕ್ಷಿಣ ಕೊರಿಯಾದ ಎರಡು ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದು 32 ವರ್ಷಗಳ ಬಳಿಕ ಭಾರತಕ್ಕೆ ಚಿನ್ನ ದೊರಕಿಸಿಕೊಟ್ಟವರು ಕರ್ನಾಟಕದ ಆಶಿಶ್ ಬಲ್ಲಾಳ್. ಕೊಡಗಿನ ಎ.ಬಿ. ಸುಬ್ಬಯ್ಯ ಅವರೂ ಭಾರತದ ಗೋಲು ಕಾದವರೇ. ಈ ಪರಂಪರೆಯ ಅಭಿಮಾನದಿಂದ ಹೊರನಾಡ ಕನ್ನಡಿಗರ ಮಕ್ಕಳೂ ಗೋಲ್‌ಕೀಪರ್ ಆಗಬಯಸಿದರೆ, ಹೆತ್ತವರು ಮೊದಲು ಗಮನಿಸಬೇಕಾದದ್ದು ಗ್ಲೌಸ್‌ನ ಅಳತೆಯನ್ನು.

ಕ್ರಿಕೆಟ್‌ನ ವಿಕೆಟ್‌ಕೀಪರ್ ಚೆಂಡನ್ನು ಹಿಡಿಯಬೇಕು. ಐಸ್ ಹಾಕಿಯ ಗೋಲ್‌ಕೀಪರ್‌ಗೂ ಚೆಂಡಿನ ಬದಲಿನ ಬಿಲ್ಲೆಯನ್ನು ಹಿಡಿಯಲೆಂದೇ ಒಂದು ಗ್ಲೌಸ್ ಇದೆ. ಆದರೆ ನಮ್ಮ ಮೈದಾನದ ಹಾಕಿಯಲ್ಲಿ ಚೆಂಡನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ತಡೆದು ದೂರ ಸರಿಸಬೇಕು. ಅದಕ್ಕಾಗಿಯೇ ಎಡಗೈಯ ಗ್ಲೌಸ್ ದಪ್ಪ ಫೋಮ್‌ನದ್ದಾಗಿ ಹಲಗೆಯಂತೆ ಚಪ್ಪಟೆಯಾಗಿರುತ್ತದೆ. ಬಲಗೈಯದ್ದು ಸ್ಟಿಕ್ ಹಿಡಿಯಲು ಅನುಕೂಲವಾಗುವಂತಿರುತ್ತದೆ. ನಿಯಮದಂತೆ ಇವು 228 ಮಿ.ಮೀ. ಅಗಲ, 355 ಮಿ.ಮೀ. ಉದ್ದ ಮೀರಬಾರದು.

"ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಎಂಬ ಲೆಕ್ಕಾಚಾರ ಅಂಗಿಗೆ ಸರಿ, ಗ್ಲೌಸ್‌ಗಲ್ಲ. 156ರಿಂದ 163 ಗ್ರಾಂ ತೂಕದ ಗಟ್ಟಿ ಚೆಂಡು ದೊಡ್ಡವರ ಡ್ರ್ಯಾಗ್ ಫ್ಲಿಕ್‌ನಲ್ಲಿ ಗಂಟೆಗೆ 100 ಕಿ.ಮೀ.ಗೂ ಮೀರಿ ಬರುತ್ತದೆ. ಸಡಿಲವಾದ ಗ್ಲೌಸ್ ಪೆಟ್ಟಿಗೆ ತಿರುಗಿಬಿಟ್ಟರೆ ಚೆಂಡು ಗೋಲಿನತ್ತಲೇ ಜಾರೀತು. ತೀರಾ ಚಿಕ್ಕದಾದರೆ ಬೆರಳ ತುದಿ ಅಂಚಿಗೆ ಬಂದು ಗಾಯವಾಗಬಹುದು.

ಅಂಗಡಿಯಲ್ಲಿಯೇ ತೊಡಿಸಿ ನೋಡುವುದು ಉತ್ತಮ. ಪಟ್ಟಿ ಬಿಗಿದ ಮೇಲೆ ಕೈ ಜೋರಾಗಿ ಕೊಡವಿದರೂ ಗ್ಲೌಸ್ ಅಲುಗಬಾರದು. ಹೆಬ್ಬೆರಳು ಸೇರಿದಂತೆ ಎಲ್ಲ ಬೆರಳುಗಳ ತುದಿಯೂ ಫೋಮ್‌ನ ಒಳಗೇ ಇರಬೇಕು. ಮಣಿಕಟ್ಟು ಸರಾಗವಾಗಿ ಮಡಚಬೇಕು. ಎಡಗೈಯನ್ನು ಭುಜದೆತ್ತರಕ್ಕೆ ಚಾಚಿ ಸ್ವಲ್ಪ ಹೊತ್ತು ಹಿಡಿದಾಗ ಭಾರಕ್ಕೆ ಕೈ ಇಳಿಯಬಾರದು. ಬಲಗೈಯ ಗ್ಲೌಸನ್ನು ಸ್ಟಿಕ್ ಹಿಡಿದೇ ಪರೀಕ್ಷಿಸಬೇಕು. ಕೊನೆಗೆ ಯಾರಾದರೂ ಮೆಲ್ಲನೆ ಚೆಂಡು ಎಸೆದರೆ, ಅದು ಬಡಿದಾಗ ಗ್ಲೌಸ್ ತಿರುಗುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಹೊಸ ಜೋಡಿ ಎಲ್ಲರಿಗೂ ಕೈಗೆಟುಕದು. ಹಿರಿಯ ಆಟಗಾರರ ಹಳೆಯ ಗ್ಲೌಸ್ ಪಡೆಯುವುದರಲ್ಲಿ ತಪ್ಪಿಲ್ಲ, ಅಳತೆ ಹೊಂದಬೇಕು ಅಷ್ಟೇ. ಫೋಮ್ ಬಿರುಕು ಬಿಟ್ಟಿದ್ದರೆ ಅಥವಾ ಒತ್ತಿದ ಗುರುತು ಹಾಗೆಯೇ ಉಳಿದರೆ ಅದನ್ನು ಬಿಟ್ಟುಬಿಡುವುದೇ ಲೇಸು. ಆಟ ಮುಗಿದ ಬಳಿಕ ಬ್ಯಾಗಿನೊಳಗೆ ತುರುಕದೆ ನೆರಳಿನಲ್ಲಿ ಒಣಗಿಸಬೇಕು.

ಒಮ್ಮೆ ಬೆರಳಿಗೆ ಬಲವಾದ ಪೆಟ್ಟು ತಿಂದ ಮಗು ಮುಂದಿನ ಚೆಂಡಿಗೆ ಕೈ ಹಿಂದೆಳೆಯುತ್ತದೆ. ಆ ಅಂಜಿಕೆ ಬೇರೂರಿದರೆ ಆಟವನ್ನೇ ಬಿಟ್ಟೀತು. ಕೈಗೊಪ್ಪುವ ಗ್ಲೌಸ್ ಕೊಡಿಸುವುದು ಬೆರಳಿನ ಜೊತೆಗೆ ಧೈರ್ಯವನ್ನೂ ಕಾಪಾಡಿದಂತೆ.