ಬಾಣಬಿರುಸು ಆಕಾಶದಲ್ಲಿ, ಅಪಾಯ ದೋಣಿಯಲ್ಲಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಪರಿಷೆಯ ಜೊತೆಗೆ ಕೆಂಪಾಂಬುಧಿ ಕೆರೆಯಲ್ಲಿ ತೆಪ್ಪೋತ್ಸವ ನಡೆದದ್ದೂ ಉಂಟು. ಕೆಂಪೇಗೌಡರ ಕಾವಲು ಗೋಪುರದ ಪಕ್ಕದ ಈ ಕೆರೆಯಿರಲಿ, ನಂಜನಗೂಡಿನ ಕಪಿಲೆಯಿರಲಿ, ಚಾಮುಂಡಿ ಬೆಟ್ಟದ ದೇವಿಕೆರೆಯಿರಲಿ, ತೆಪ್ಪೋತ್ಸವ ಎಂದೊಡನೆ ನಮ್ಮ ಮನಸ್ಸಿಗೆ ದೀಪ, ವಾದ್ಯ, ಬಾಣಬಿರುಸು ಒಟ್ಟಿಗೇ ಬರುತ್ತವೆ. ನೀರಿನ ಮೇಲೆ ಬಿರುಸು ಹಾರಿಸುವುದರಲ್ಲಿ ಒಂದು ಜಾಣತನವೂ ಇದೆ. ಬಿದ್ದ ಕಿಡಿ ಅಲ್ಲೇ ನಂದುತ್ತದೆ, ಹತ್ತಿಕೊಳ್ಳಲು ಹುಲ್ಲಿನ ಬಣವೆಯಿಲ್ಲ, ಸೂರಿಲ್ಲ. ಒಂದು ಬಣ್ಣಕ್ಕೆ ಎರಡಾಗಿ ನೀರಿನಲ್ಲೂ ಕಾಣುತ್ತದೆ.

ಆದರೆ ಆ ನೀರಿನ ಮೇಲೆ ಜನರೂ ಇದ್ದರೆ? ದೋಣಿಯಲ್ಲಿ ಕೂತು ಬಿರುಸು ನೋಡುವವರ ಬಗ್ಗೆ ಮಾತು ಬಂದಾಗ ಎಲ್ಲರೂ ಹೆದರುವುದು ಮೇಲಿಂದ ಬೀಳುವ ಬೆಂಕಿಗೆ. ಲೆಕ್ಕ ಹಾಕಿ ನೋಡಿದರೆ ಹೆದರಬೇಕಾದದ್ದು ಕಾಲಕೆಳಗಿನ ದೋಣಿಗೆ.

ಮೊದಲು ಬೆಂಕಿಯದ್ದೇ ನೋಡೋಣ. ದೊಡ್ಡ ಪ್ರದರ್ಶನಗಳಲ್ಲಿ ಹಾರುವುದು ನಮ್ಮ ದೀಪಾವಳಿಯ ರಾಕೆಟ್ ಅಲ್ಲ, ಶೆಲ್. ಅದು ಕಾಗದ ಅಂಟಿಸಿ ಮಾಡಿದ ಗಟ್ಟಿ ಗುಂಡು. ಅದನ್ನು ನೆಟ್ಟಗೆ ನಿಲ್ಲಿಸಿದ ಕೊಳವೆಯೊಳಗೆ ಇಳಿಸುತ್ತಾರೆ. ತಳದ ಕರಿಮದ್ದು ಹೊತ್ತಿದಾಗ ಹುಟ್ಟುವ ಅನಿಲ ಗುಂಡನ್ನು ಮೇಲಕ್ಕೆ ಒದೆಯುತ್ತದೆ, ಅದೇ ಬೆಂಕಿ ಗುಂಡಿನ ಬತ್ತಿಗೂ ತಗಲುತ್ತದೆ. ಗುಂಡು ಏರಿ ಏರಿ ವೇಗ ಕಳೆದುಕೊಳ್ಳುವ ಹೊತ್ತಿಗೆ ಬತ್ತಿ ಉರಿದು ಒಳಗಿನ ಮದ್ದಿಗೆ ಮುಟ್ಟಬೇಕು. ಆಗ ಸಿಡಿದು ಚೆಲ್ಲುವ ಉಂಡೆಗಳೇ ನಮಗೆ ಕಾಣುವ ನಕ್ಷತ್ರಗಳು. ಸ್ಟ್ರಾನ್ಷಿಯಂ ಇದ್ದರೆ ಕೆಂಪು, ಬೇರಿಯಂ ಇದ್ದರೆ ಹಸಿರು, ತಾಮ್ರವಿದ್ದರೆ ನೀಲಿ. ಅಂದಾಜಿಗೆ, ಗುಂಡಿನ ವ್ಯಾಸದ ಪ್ರತಿ ಇಂಚಿಗೆ ನೂರು ಅಡಿ ಎತ್ತರ. 6 ಇಂಚಿನ ಶೆಲ್ 600 ಅಡಿ, ಅಂದರೆ ಸುಮಾರು 180 ಮೀಟರ್ ಏರುತ್ತದೆ.

ಕಿಡಿಗಳಿಂದ ತಪ್ಪಿಸಿಕೊಳ್ಳಲು ಇರುವ ಉಪಾಯ ಒಂದೇ, ದೂರ. ಅಮೆರಿಕದಲ್ಲಿ ಪ್ರತಿ ಇಂಚು ವ್ಯಾಸಕ್ಕೆ 70 ಅಡಿ ಎಂಬ ನಿಯಮ ಬಹುಕಾಲದಿಂದ ಚಾಲ್ತಿಯಲ್ಲಿದೆ. 6 ಇಂಚಿನ ಶೆಲ್‌ಗೆ 420 ಅಡಿ, ಸುಮಾರು 128 ಮೀಟರ್ ದೂರದೊಳಗೆ ನೋಡುಗರು ಯಾರೂ ಬರುವಂತಿಲ್ಲ. ದೂರ ಕಾಯದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೈವಸ್ಥಾನವೊಂದರಲ್ಲಿ ತೆಯ್ಯಂ ಎಂಬ ದೈವಾರಾಧನೆ ನಡೆಯುತ್ತಿದ್ದಾಗ, ಹಚ್ಚಿದ ಪಟಾಕಿಯ ಕಿಡಿ ಪಟಾಕಿ ಕೂಡಿಟ್ಟಿದ್ದ ಕೊಠಡಿಗೇ ಹಾರಿ 150ಕ್ಕೂ ಹೆಚ್ಚು ಜನ ಗಾಯಗೊಂಡರು. ಹಚ್ಚುವ ಜಾಗ, ಇಡುವ ಜಾಗ, ನೋಡುವ ಜಾಗ ಮೂರೂ ಒಂದೇ ಅಂಗಳದಲ್ಲಿದ್ದವು.

ನೀರಿನ ಮೇಲಿನ ಪ್ರದರ್ಶನಕ್ಕೆ ಇನ್ನೊಂದು ತೊಡಕಿದೆ. ಕೊಳವೆಗಳನ್ನು ಜೋಡಿಸಿದ ತೆಪ್ಪವೇ ಅಲುಗಾಡುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟು ಒಂದು ಸರಳ ಲೆಕ್ಕ ಮಾಡಬಹುದು. 180 ಮೀಟರ್ ಏರುವ ಶೆಲ್ ಸಿಡಿಯದೆ ಹಾಗೇ ಕೆಳಗೆ ಬಿದ್ದಿತು ಅಂದುಕೊಳ್ಳಿ. ಕೊಳವೆ ನೆಟ್ಟಗಿದ್ದರೆ ಅದು ತೆಪ್ಪದ ಆಸುಪಾಸಿನಲ್ಲೇ ಬೀಳುತ್ತದೆ. ತೆಪ್ಪ 5 ಡಿಗ್ರಿ ವಾಲಿದ್ದರೆ ಸುಮಾರು 62 ಮೀಟರ್ ಆಚೆ. 10 ಡಿಗ್ರಿ ವಾಲಿದ್ದರೆ ಸುಮಾರು 123 ಮೀಟರ್ ಆಚೆ, ಅಂದರೆ ಕಾಯ್ದಿಟ್ಟ ದೂರ ಹೆಚ್ಚುಕಡಿಮೆ ಅಷ್ಟೂ ಒಂದೇ ವಾಲಿಕೆಯಲ್ಲಿ ಖರ್ಚಾಯಿತು. ಸಿಡಿಯದ ಗುಂಡು ಬಣ್ಣದ ಕಿಡಿಯಲ್ಲ, ಕಿಲೋಗ್ರಾಂ ಲೆಕ್ಕದ ಮದ್ದುಂಡೆ. ಅದಕ್ಕೇ ಬಿರುಸಿನ ತೆಪ್ಪವನ್ನು ನಾಲ್ಕೂ ಕಡೆ ಲಂಗರು ಹಾಕಿ ಕಟ್ಟಬೇಕು, ನೋಡುವ ದೋಣಿಗಳು ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಬೇಕು, ಗಾಳಿ ಜೋರಾದರೆ ಪ್ರದರ್ಶನವನ್ನೇ ನಿಲ್ಲಿಸಬೇಕು.

ಇಷ್ಟು ಪಾಲಿಸಿದರೆ ಮೇಲಿನ ಬೆಂಕಿ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹಾಗಾದರೆ ಬಿರುಸು ನೋಡಲು ದೋಣಿ ಹತ್ತಿದವರು ಸತ್ತದ್ದು ಹೇಗೆ?

2012ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ನ್ಯೂಯಾರ್ಕ್ ಬಳಿಯ ಆಯ್ಸ್ಟರ್ ಬೇಯಲ್ಲಿ 34 ಅಡಿ ಉದ್ದದ ಕ್ಯಾಂಡಿ ವನ್ ಎಂಬ ವಿಹಾರದೋಣಿ ಬಿರುಸು ನೋಡಿ ಮರಳುತ್ತಿತ್ತು. ಒಳಗೆ 27 ಜನ. ದೋಣಿ ಮಗುಚಿತು. ಕ್ಯಾಬಿನ್ನಿನೊಳಗೆ ಸಿಕ್ಕಿಕೊಂಡ ಮೂರು ಮಕ್ಕಳು ಸತ್ತರು. ಅದೇ ವರ್ಷ ಅಕ್ಟೋಬರ್ 1ರಂದು ಹಾಂಗ್‌ಕಾಂಗ್‌ನಲ್ಲಿ, ವಿದ್ಯುತ್ ಕಂಪನಿಯೊಂದರ ನೌಕರರನ್ನೂ ಅವರ ಮನೆಯವರನ್ನೂ ಬಿರುಸಿನ ಪ್ರದರ್ಶನಕ್ಕೆ ಕರೆದೊಯ್ಯುತ್ತಿದ್ದ ಲಾಮಾ 4 ಎಂಬ ನಾವೆಗೆ ಇನ್ನೊಂದು ನಾವೆ ಡಿಕ್ಕಿ ಹೊಡೆಯಿತು. ಎರಡು ನಿಮಿಷದ ಆಸುಪಾಸಿನಲ್ಲಿ ಅದರ ಹಿಂಭಾಗ ಮುಳುಗಿತು. 39 ಜನ ಸತ್ತರು, ಅವರಲ್ಲಿ ಎಂಟು ಮಂದಿ ಮಕ್ಕಳು. ನೀರು ತಡೆಯಬೇಕಿದ್ದ ಒಂದು ಬಾಗಿಲನ್ನು ಆ ನಾವೆಗೆ ಕೂರಿಸಿಯೇ ಇರಲಿಲ್ಲ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಈ ಎರಡು ದುರಂತಗಳಲ್ಲಿ ಒಬ್ಬರನ್ನೂ ಕಿಡಿ ಮುಟ್ಟಲಿಲ್ಲ.

ನಮ್ಮದೇ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದು ಹಗಲು ಹೊತ್ತು, ಬಿರುಸಿನ ಮಾತೇ ಇರಲಿಲ್ಲ. ಆದರೂ ಇದನ್ನು ಇಲ್ಲಿ ಎತ್ತಬೇಕು. ಹಬ್ಬದ ಗುಂಗು, ಮಿತಿಮೀರಿದ ಜನ, ಎಲ್ಲರೂ ಒಂದೇ ಹೊತ್ತಿಗೆ ಹೊರಡುವ ಆತುರ, ಇವು ಆಯ್ಸ್ಟರ್ ಬೇಯಲ್ಲೂ ಕಾರವಾರದಲ್ಲೂ ಒಂದೇ.

ದೋಣಿ ಯಾಕೆ ಮಗುಚುತ್ತದೆ? ದೋಣಿಯ ಮೇಲೆ ಎರಡು ಬಲಗಳಿವೆ. ಅದರ ಮತ್ತು ಅದರಲ್ಲಿರುವವರ ಒಟ್ಟು ತೂಕ ಗುರುತ್ವ ಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ದೋಣಿ ಪಕ್ಕಕ್ಕೆ ತಳ್ಳಿದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಸಮವಾಗಿ ನಿಂತಾಗ ಎರಡೂ ಒಂದೇ ಗೆರೆಯಲ್ಲಿರುತ್ತವೆ. ದೋಣಿ ಬಲಕ್ಕೆ ವಾಲಿತು ಅನ್ನಿ, ಬಲಬದಿ ಹೆಚ್ಚು ಮುಳುಗಿ ನೀರಿನ ಒತ್ತು ಬಲಕ್ಕೆ ಸರಿಯುತ್ತದೆ, ಅದೇ ದೋಣಿಯನ್ನು ಎತ್ತಿ ನೆಟ್ಟಗೆ ಮಾಡುತ್ತದೆ. ಒತ್ತು ಸರಿದ ಮೇಲೆ ಅದರ ಗೆರೆ ದೋಣಿಯ ನಡುಗೆರೆಯನ್ನು ಎಲ್ಲೋ ಮೇಲೆ ಕತ್ತರಿಸುತ್ತದಲ್ಲ, ಆ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. 1746ರಲ್ಲಿ ಫ್ರಾನ್ಸಿನ ಪಿಯೆರ್ ಬೂಗೇರ್ ತನ್ನ ಹಡಗುಶಾಸ್ತ್ರದ ಪುಸ್ತಕದಲ್ಲಿ ಇದನ್ನು ವಿವರಿಸಿದ. ಗುರುತ್ವ ಕೇಂದ್ರ ಈ ಬಿಂದುವಿಗಿಂತ ಎಷ್ಟು ಕೆಳಗಿದ್ದರೆ ಅಷ್ಟು ಭದ್ರ. ಮೇಲಕ್ಕೆ ಏರಿತೋ, ವಾಲಿದ ದೋಣಿಯನ್ನು ನೀರೇ ಇನ್ನಷ್ಟು ವಾಲಿಸುತ್ತದೆ.

ಈಗ ಜನರನ್ನು ಕೂರಿಸೋಣ. ಎಲ್ಲ ಸೇರಿ 4 ಟನ್ ತೂಗುವ ಸಣ್ಣ ದೋಣಿ, ಗುರುತ್ವ ಕೇಂದ್ರಕ್ಕೂ ಮೆಟಾಸೆಂಟರಿಗೂ ನಡುವೆ 60 ಸೆಂಟಿಮೀಟರ್ ಅಂತರ, ಅರವತ್ತು ಕಿಲೋ ತೂಗುವ 20 ಜನ. ಎಡಗಡೆ ಆಕಾಶದಲ್ಲಿ ದೊಡ್ಡದೊಂದು ಬಿರುಸು ಬಿಚ್ಚಿಕೊಂಡಿತು. ಬಲಬದಿಯ ಹತ್ತು ಜನ ಎದ್ದು ಒಂದೂವರೆ ಮೀಟರ್ ಎಡಕ್ಕೆ ಬಂದರು. ಅಷ್ಟಕ್ಕೇ ದೋಣಿ ಸುಮಾರು 20 ಡಿಗ್ರಿ ವಾಲುತ್ತದೆ. ಇಪ್ಪತ್ತೂ ಜನ ಎದ್ದು ನಿಂತರೆ ಗುರುತ್ವ ಕೇಂದ್ರ ಇನ್ನೊಂದು ಹತ್ತು ಸೆಂಟಿಮೀಟರ್ ಏರಿ, ವಾಲಿಕೆ 24 ಡಿಗ್ರಿಗೆ ಹೋಗುತ್ತದೆ. ಅಂಚು ತಗ್ಗಾಗಿರುವ ದೋಣಿಗೆ ಅಷ್ಟರಲ್ಲಿ ನೀರು ಒಳನುಗ್ಗಿರುತ್ತದೆ. ಒಳಬಂದ ನೀರು ಸುಮ್ಮನೆ ಕೂರುವುದಿಲ್ಲ, ವಾಲಿದ ಕಡೆಗೇ ಹರಿದು ಆ ಬದಿಗೆ ಇನ್ನಷ್ಟು ಭಾರ ಹೇರುತ್ತದೆ. ಇದೆಲ್ಲ ಮುಗಿಯಲು ಒಂದು ಬಿರುಸು ಅರಳಿ ಆರುವಷ್ಟು ಹೊತ್ತೂ ಬೇಡ.

ನಮ್ಮ ಹಿಂದಿನವರ ತೆಪ್ಪ ಕಟ್ಟುವ ಕ್ರಮ ಈ ದೃಷ್ಟಿಯಿಂದ ನನಗೆ ಬಹಳ ಮೆಚ್ಚುಗೆ. ಡ್ರಮ್ಮುಗಳನ್ನೋ ಜೋಡಿ ದೋಣಿಗಳನ್ನೋ ದೂರ ದೂರ ಇಟ್ಟು ಮೇಲೆ ಹಲಗೆ ಹಾಸುತ್ತಾರೆ. ಉದ್ದ, ತೂಕ ಬದಲಾಗದೆ ಅಗಲ ಎರಡು ಪಟ್ಟಾದರೆ ನೀರಿನ ಎತ್ತಿಹಿಡಿಯುವ ಗುಣ ಎಂಟು ಪಟ್ಟಾಗುತ್ತದೆ. ದೇವರ ಮಂಟಪ, ಅರ್ಚಕರು, ವಾದ್ಯದವರು ಎಲ್ಲರನ್ನೂ ಹೊತ್ತು ಅದು ಅಲುಗದೆ ಸಾಗುವುದು ಅಗಲದ ಬಲದಿಂದ. ಅದೇ ಭರವಸೆಯಲ್ಲಿ ಹರಿಗೋಲಿನಲ್ಲೂ ಎದ್ದು ನಿಲ್ಲುವವರಿದ್ದಾರೆ. ತಲಕಾಡಿನ ಕಾವೇರಿಯಲ್ಲಾಗಲಿ ಹಂಪಿಯ ತುಂಗಭದ್ರೆಯಲ್ಲಾಗಲಿ ಹರಿಗೋಲಿನ ಅಂಬಿಗರು ಮೊದಲು ಹೇಳುವ ಮಾತು, ಕೂತ್ಕೊಳ್ಳಿ.

ಇನ್ನು ಕಣ್ಣಿನ ವಿಷಯ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕತ್ತಲಲ್ಲಿ ನಾವು ನೋಡುವುದು ಅಕ್ಷಿಪಟಲದ ರಾಡ್ ಕೋಶಗಳಿಂದ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಪ್ರಖರ ಬೆಳಕಿಗೆ ಒಡೆದುಹೋಗುತ್ತದೆ. ಮತ್ತೆ ಪೂರ್ತಿ ಕೂಡಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಪ್ರದರ್ಶನದ ಕೊನೆಗೆ ಇದ್ದಬದ್ದ ಬಿರುಸುಗಳನ್ನೆಲ್ಲ ಒಟ್ಟಿಗೆ ಹಾರಿಸುತ್ತಾರೆ. ಅದನ್ನೇ ನೋಡುತ್ತಿದ್ದ ದೋಣಿಯವನ ಕಣ್ಣು ಆ ಕ್ಷಣಕ್ಕೆ ಕತ್ತಲಿಗೆ ಕುರುಡು. ನೀರಿನ ಮೇಲೆ ಹೊಗೆ ಬೇರೆ ಹರಡಿರುತ್ತದೆ. ಎಲ್ಲ ದೋಣಿಗಳೂ ದಡದ ಕಡೆ ಧಾವಿಸುವುದು ಆಗಲೇ. ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ ಎಂಬುದು ಜಗತ್ತಿಗೆಲ್ಲ ಒಂದೇ ನಿಯಮ. ಆದರೆ ಕೆಂಪು ಹಸಿರೇ ತುಂಬಿದ ಆಕಾಶದಡಿ ಆ ಪುಟ್ಟ ದೀಪಗಳನ್ನು ಗುರುತಿಸುವವರು ಯಾರು? ಆಪತ್ತಿನಲ್ಲಿ ಹಾರಿಸುವ ಕೆಂಪು ಸಂಕೇತಬಾಣವನ್ನೂ ಜನ ಚಪ್ಪಾಳೆ ತಟ್ಟಿ ನೋಡಬಹುದು. ಅದಕ್ಕೇ ಅಂಥ ರಾತ್ರಿ ದೋಣಿಯಲ್ಲಿ ಸೀಟಿ ಬೇಕು, ದೋಣಿ ನಡೆಸುವವನು ಬಿರುಸಿಗೆ ಬೆನ್ನು ಹಾಕಿ ಕೂರಬೇಕು, ಕೊನೆಯ ಬಿರುಸಿನ ಮೇಲೆ ಇಪ್ಪತ್ತು ನಿಮಿಷ ದೋಣಿಗಳು ಇದ್ದಲ್ಲೇ ಇರಬೇಕು.

ಲೈಫ್ ಜಾಕೆಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅಷ್ಟು ಹಗುರವಾದ ವಸ್ತು ದೊಡ್ಡ ಆಳನ್ನು ಹೇಗೆ ತೇಲಿಸೀತು ಎಂದು ಅನೇಕರು ಕೇಳುತ್ತಾರೆ. ನಮ್ಮ ದೇಹ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಬಹುಪಾಲು ವಯಸ್ಕರ ತಲೆ ನೀರಿನ ಮೇಲಿರಲು ಮೂರರಿಂದ ಐದು ಕಿಲೋ ತೂಕದಷ್ಟು ಎತ್ತುಬಲ ಸಾಕು. ಜಾಕೆಟ್ಟಿನ ಫೋಮ್ ಅದಕ್ಕಿಂತ ಹೆಚ್ಚೇ ಕೊಡುತ್ತದೆ, ಒಳ್ಳೆಯದಾದರೆ ಎಚ್ಚರ ತಪ್ಪಿದವರ ಮುಖವನ್ನು ಮೇಲ್ಮುಖ ಮಾಡಿಯೂ ಹಿಡಿಯುತ್ತದೆ. ಬಿರುಸಿನ ರಾತ್ರಿಗೆ ಗಾಳಿ ತುಂಬುವ ಜಾಕೆಟ್ಟಿಗಿಂತ ಫೋಮ್ ಜಾಕೆಟ್ ವಾಸಿ, ಕಿಡಿ ತಗಲಿ ತೂತಾದರೂ ಫೋಮ್ ತೇಲುತ್ತದೆ. ಮಗುವಿಗೆ ದೊಡ್ಡವರ ಜಾಕೆಟ್ ತೊಡಿಸಿದರೆ ಜಾಕೆಟ್ ಮೇಲಕ್ಕೆ ಜಾರಿ ಮಗು ಕೆಳಕ್ಕೆ ಜಾರುತ್ತದೆ. ಮತ್ತೊಂದು ಮಾತು, ಮುಚ್ಚಿದ ಕ್ಯಾಬಿನ್ ಇರುವ ದೋಣಿ ಮಗುಚಿದರೆ ಜಾಕೆಟ್ ಒಳಗಿದ್ದವರನ್ನು ಈಗ ಮೇಲಾಗಿರುವ ದೋಣಿಯ ತಳಕ್ಕೇ ಒತ್ತಿ ಹಿಡಿಯುತ್ತದೆ, ಕೆಳಗೆ ಮುಳುಗಿ ಹೊರಬರಲು ಬಿಡುವುದಿಲ್ಲ. ಆದ್ದರಿಂದ ಮಕ್ಕಳು ಜಾಕೆಟ್ ತೊಟ್ಟು ತೆರೆದ ಜಾಗದಲ್ಲಿ, ದೊಡ್ಡವರ ಕೈಯಳತೆಯಲ್ಲಿ ಕೂರಬೇಕು.

ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಸಮುದ್ರವಿಲ್ಲ, ದೋಣಿ ಸಾಗುವಂಥ ನದಿಯಿಲ್ಲ. ಆದರೆ ಮಡಿವಾಳ ಕೆರೆಯಲ್ಲಿ ದೋಣಿವಿಹಾರ ನಡೆದಿದೆ. ಗಣೇಶನ ವಿಸರ್ಜನೆಗೆ ಯಡಿಯೂರು ಕೆರೆಯ ಕಲ್ಯಾಣಿಯ ಸುತ್ತ ಜಯನಗರ, ಬನಶಂಕರಿಯ ಜನವೆಲ್ಲ ಸೇರುತ್ತಾರೆ. ದೀಪಾವಳಿಯ ರಾತ್ರಿ ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳ ಸುತ್ತಲ ಮನೆಗಳಿಂದ ರಾಕೆಟ್ಟುಗಳು ಹಾರುತ್ತವೆ. ನಮ್ಮ ಕೆರೆಗಳು ಆಳವಿಲ್ಲ ಎಂಬ ಸಮಾಧಾನ ಸಲ್ಲದು. ಎದೆಮಟ್ಟದ ನೀರಿನ ಕೆಳಗೆ ಹೂಳು, ಅದರಲ್ಲಿ ಹೂತ ಕಾಲು ಹೊರಬರುವುದಿಲ್ಲ, ಮೇಲೆ ಜೊಂಡು ಸುತ್ತಿಕೊಳ್ಳುತ್ತದೆ. ಈಜು ಬಲ್ಲವರೂ ಅಲ್ಲಿ ಸೋಲುತ್ತಾರೆ.

ಒಳನಾಡಿನ ದೋಣಿಗಳಿಗೆ ನೋಂದಣಿ, ತಪಾಸಣೆ, ಜೀವರಕ್ಷಕ ಸಾಮಗ್ರಿ ಇವೆಲ್ಲ ಇರಬೇಕೆಂದು 2021ರ ಒಳನಾಡು ಹಡಗುಗಳ ಕಾಯ್ದೆ ಹೇಳುತ್ತದೆ. ಕೆರೆಯ ಉತ್ಸವಕ್ಕೆ ಅದರ ಜೊತೆ ಬೇಕಾದದ್ದು ಅತ್ಯಂತ ಸಾಮಾನ್ಯ ಸಂಗತಿಗಳು. ತೆಪ್ಪಕ್ಕೆ ಎಷ್ಟು ಜನ ಎಂದು ಅದರ ಮೇಲೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿರಬೇಕು. ಹತ್ತುವಾಗ ಎಣಿಸಿದವನೇ ಇಳಿಯುವಾಗಲೂ ಎಣಿಸಬೇಕು. ಬಿರುಸಿನ ತೆಪ್ಪ ಬೇರೆ, ದೇವರ ತೆಪ್ಪ ಬೇರೆ, ಎರಡರ ನಡುವಿನ ದೂರವನ್ನು ಅತಿ ದೊಡ್ಡ ಶೆಲ್ಲಿನ ಅಳತೆ ನೋಡಿ ಗೊತ್ತುಮಾಡಬೇಕು. ಈಜುಗಾರರಿರುವ ಖಾಲಿ ಹರಿಗೋಲೊಂದು ಉತ್ಸವ ಮುಗಿಯುವವರೆಗೂ ನೀರಿನಲ್ಲೇ ಕಾಯುತ್ತಿರಬೇಕು. ಕೊನೆಯ ಬಿರುಸು ಆರಿದ ಕೂಡಲೇ ಏರಿಯ ಮೇಲಿನ ದೊಡ್ಡ ದೀಪಗಳನ್ನು ನೀರಿನ ಕಡೆ ತಿರುಗಿಸಿ ಹಚ್ಚಬೇಕು, ತೆಪ್ಪ ಹೊರಡುವುದು ಅದಾದ ಮೇಲೆ.